ಸೈಬರ್ ಕೆಫೆಯಿಂದ ಮನೆಯ ಮೊಬೈಲಿಗೆ: ಮಕ್ಕಳ ಸುರಕ್ಷತೆಯ ಹಾದಿ

ವಿಜಯಪುರದಂಥ ಜಿಲ್ಲಾ ಕೇಂದ್ರಗಳಲ್ಲಿ ಅಂತರ್ಜಾಲ ಜನಸಾಮಾನ್ಯರಿಗೆ ಮೊದಲು ದಕ್ಕಿದ್ದು ಸೈಬರ್ ಕೆಫೆಗಳಲ್ಲಿ. ಮಕ್ಕಳ ರಕ್ಷಣೆಯ ಆರಂಭದ ನಿಯಮಗಳೂ ಅವುಗಳನ್ನೇ ಗಮನದಲ್ಲಿಟ್ಟುಕೊಂಡಿದ್ದವು. ಕೆಫೆಯ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು, ಪಾಲಕರಿಲ್ಲದೆ ಮಕ್ಕಳನ್ನು ಅದರ ಮರೆಯಲ್ಲಿ ಕೂರಿಸಬಾರದು ಎಂದು 2011ರ ಕೇಂದ್ರ ನಿಯಮಗಳು ವಿಧಿಸಿದವು.

ಅದಕ್ಕೂ ಮೊದಲೇ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಗಿ 67ಬಿ ಕಲಂ ಸೇರಿತ್ತು. ಮಕ್ಕಳ ಅಶ್ಲೀಲ ಚಿತ್ರ ಹಂಚುವುದು, ಲೈಂಗಿಕ ಉದ್ದೇಶದಿಂದ ಅವರನ್ನು ಆನ್‌ಲೈನ್‌ನಲ್ಲಿ ಪುಸಲಾಯಿಸುವುದು ಅಪರಾಧವಾಯಿತು. ಮೊದಲ ಸಲವೇ ಐದು ವರ್ಷದವರೆಗೆ ಸೆರೆವಾಸ. 2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಬಂದಿತು.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಬಂತು. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದಂಥ ಊರುಗಳಲ್ಲೂ ಕೆಫೆಯ ನಿಯಮ ಮುಟ್ಟದ ಪರದೆ ಮಕ್ಕಳ ಕೈಸೇರಿತು. ಕಾವಲು ಮನೆಯವರ, ಶಿಕ್ಷಕರ ಹೊಣೆಯಾಯಿತು. 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳಿತು.

ಇಂದು ಬೆದರಿಕೆ ಬಂದರೆ ಮಗು ಸಂದೇಶವನ್ನು ಅಳಿಸದೆ ಉಳಿಸಿಕೊಂಡು ಹಿರಿಯರಿಗೆ ತಿಳಿಸಬೇಕು. ನೆರವಿಗೆ ಮಕ್ಕಳ ಸಹಾಯವಾಣಿ 1098, ಹಣದ ವಂಚನೆಗೆ 1930 ಇವೆ. ಹಿರಿಯರು ಗದರಿಸದೆ ಕೇಳಿಸಿಕೊಂಡರೆ ಮಾತ್ರ ಈ ಕಾನೂನುಗಳು ಮಗುವನ್ನು ತಲುಪುತ್ತವೆ.