ಹಾವೇರಿ ಸೀಮೆಯ ಪದಗಾರರು

ಸಂಗೀತದ ಇತಿಹಾಸವೆಂದರೆ ನಮ್ಮಲ್ಲಿ ಬಹುಮಟ್ಟಿಗೆ ಅರಮನೆಯ ಇತಿಹಾಸ, ಇಲ್ಲವೆ ಘರಾಣೆಯ ಇತಿಹಾಸ. ಯಾವ ದೊರೆ ಯಾವ ಉಸ್ತಾದರಿಗೆ ಶಾಲು ಹೊದಿಸಿದ, ಯಾವ ಗುರುವಿನ ಗಾಯಕಿ ಯಾವ ಶಿಷ್ಯನ ಕಂಠಕ್ಕೆ ಇಳಿಯಿತು ಎಂಬುದನ್ನು ಬರೆದಿಡುವುದು ವಾಡಿಕೆ. ಧಾರವಾಡದ ನೆಲಕ್ಕಂತೂ ಈ ಬಗೆಯ ಹೆಮ್ಮೆಗೆ ಕೊರತೆಯಿಲ್ಲ. ಆದರೆ ಅದೇ ಧಾರವಾಡದ ದಕ್ಷಿಣದ ಮಗ್ಗುಲಿನಲ್ಲಿ, 1997ರಲ್ಲಿ ಬೇರೆ ಜಿಲ್ಲೆಯಾದ ಹಾವೇರಿ ಸೀಮೆಯಲ್ಲಿ, ಇನ್ನೊಂದು ಸಂಗೀತ ತನ್ನಷ್ಟಕ್ಕೆ ತಾನು ಬಾಳಿಕೊಂಡು ಬಂದಿದೆ. ಅದಕ್ಕೆ ಆಸ್ಥಾನವಿಲ್ಲ, ಬಿರುದಿಲ್ಲ. ಅದರ ವಿದ್ವಾಂಸರು ಹಗಲು ಹೊಲದಲ್ಲಿದ್ದು ರಾತ್ರಿ ಹಾಡುವವರು.

ಈಚೆಗೆ ಪಟ್ಟಣದ ತರುಣರ ಬಾಯಲ್ಲಿ ‘ಇಂಡಿ’, ‘ಅಂಡರ್‌ಗ್ರೌಂಡ್’ ಎಂಬ ಮಾತುಗಳು ಕೇಳಿಬರುತ್ತವೆ. ಸಿನೆಮಾದ ಹಂಗು, ದೊಡ್ಡ ಕಂಪನಿಗಳ ಹಂಗು ಇಲ್ಲದೆ ತಾವೇ ಕಟ್ಟಿ, ತಾವೇ ಹಾಡಿ, ತಾವೇ ಹಂಚುವ ಸಂಗೀತಕ್ಕೆ ಈ ಹೆಸರು. 1977ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಎಂಬ ತಂಡದ ಹುಡುಗರು ಬಂಧುಮಿತ್ರರಲ್ಲಿ ಸಾಲ ಎತ್ತಿ ತಮ್ಮ ಧ್ವನಿಮುದ್ರಿಕೆಯನ್ನು ತಾವೇ ಹೊರತಂದದ್ದನ್ನು ಅವರು ಒಂದು ಹೊಸ ಶಕೆಯ ಆರಂಭವೆಂಬಂತೆ ನೆನೆಯುತ್ತಾರೆ. ನೆನೆಯಲಿ, ತಪ್ಪೇನಿಲ್ಲ. ಆದರೆ ಅದಕ್ಕೂ ನೂರು ವರ್ಷ ಹಿಂದೆ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ ಒಬ್ಬಾತ ಸಾಲವನ್ನೂ ಎತ್ತದೆ, ಮುದ್ರಣವನ್ನೂ ನೆಚ್ಚದೆ ನಾಡಿಗೆಲ್ಲ ಪದ ಹಂಚಿದ್ದ ಎಂಬುದನ್ನು ನಾವೂ ನೆನೆಯಬೇಡವೆ?

ಶರೀಫ ಸಾಹೇಬರು ಹುಟ್ಟಿದ್ದು 1819ರಲ್ಲಿ. ದೇಹ ಬಿಟ್ಟದ್ದು 1889ರಲ್ಲಿ. ಕೆಲವು ಕಾಲ ಶಾಲಾ ಮಾಸ್ತರಿಕೆ ಮಾಡಿ ಅದನ್ನು ಬಿಟ್ಟರು. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರು ಅವರಿಗೆ ಗುರುಗಳಾದರು. ಗುರು ಶಿಷ್ಯನಿಗೆ ಜನಿವಾರ ಹಾಕಿದರೆಂಬುದು ಜನ ಇಂದಿಗೂ ಹೇಳುವ ಕಥೆ. ಇಂಥ ಗುರುಶಿಷ್ಯರನ್ನು ಊರು ಸುಮ್ಮನೆ ಬಿಟ್ಟೀತೆ? ಅವರ ಮಂದಿಯೂ ಗೊಣಗಿದರು, ಇವರ ಮಂದಿಯೂ ಗೊಣಗಿದರು. ‘ಸ್ವತಂತ್ರ ಕಲಾವಿದ’ ಎಂಬ ಮಾತಿಗೆ ಆ ಕಾಲದಲ್ಲಿ ತೆರಬೇಕಾದ ಬೆಲೆ ಇದು: ಹಣದ ನಷ್ಟಕ್ಕಿಂತ ಹೆಚ್ಚಾಗಿ, ನೆರಳು ಕೊಡುವ ಜಾತಿಯ ಚಪ್ಪರವೇ ಇಲ್ಲವಾಗುವುದು. ಆ ಬಿಸಿಲಲ್ಲಿ ನಿಂತು ಅವರು ಕಟ್ಟಿದ ಪದಗಳಿಗೆ ವಸ್ತುವಾದದ್ದು ಕಣ್ಣಿಗೆ ಬಿದ್ದದ್ದೆಲ್ಲ: ಸೋರುವ ಮಾಳಿಗೆ, ಸೇದುವ ಗುಡಗುಡಿ, ಕೋಳಿ, ಕೋಡಗ. ಕೇಳುವವನಿಗೆ ಮೊದಲು ನಗು. ಮನೆಗೆ ಹೋದ ಮೇಲೆ ಯೋಚನೆ.

ಈ ಪದಗಳು ಉಳಿದ ಬಗೆಯನ್ನು ಸ್ವಲ್ಪ ವಿಚಾರಿಸಬೇಕು. ಪದದ ಕೊನೆಯ ನುಡಿಯಲ್ಲಿ ಅಂಕಿತವಿರುತ್ತದೆ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನ ಹೆಸರನ್ನು ಕನಕದಾಸರು ಹದಿನಾರನೆಯ ಶತಮಾನದಲ್ಲಿಯೇ ತಮ್ಮ ಕೀರ್ತನೆಗಳಿಗೆ ಅಂಕಿತವಾಗಿಸಿದ್ದರು. ಶರೀಫರು ಶಿಶುನಾಳಾಧೀಶನ ಹೆಸರನ್ನಿಟ್ಟರು. ಪುಸ್ತಕವಿಲ್ಲದ ಕಡೆ ಕವಿಯ ಗುರುತನ್ನು ಕಾಯುವ ಕಾವಲುಗಾರನೆಂದರೆ ಈ ಅಂಕಿತವೇ. ಕಾವಲುಗಾರ ಕೆಲವೊಮ್ಮೆ ಹೊರಗಿನವರನ್ನೂ ಒಳಗೆ ಬಿಟ್ಟಿರಬಹುದು. ಶರೀಫರ ಅಂಕಿತ ಹೊತ್ತ ಕೆಲವು ನೂರು ಪದಗಳಲ್ಲಿ ಯಾವುದು ಅವರದು, ಯಾವುದು ಭಕ್ತರು ಸೇರಿಸಿದ್ದು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೆ ಆ ಅನಾಮಿಕ ಭಕ್ತನೂ ಒಬ್ಬ ಕವಿಯೇ ಎಂಬುದನ್ನು ಮರೆಯಲಾಗದು.

ಅಂಕಿತ ಹೆಸರನ್ನು ಕಾಯಿತು. ಧಾಟಿಯನ್ನು ಕಾಯ್ದದ್ದು ಭಜನೆಯ ಮೇಳ. ಅಮಾವಾಸ್ಯೆಯ ರಾತ್ರಿ, ಶ್ರಾವಣದ ಸೋಮವಾರ, ಇಲ್ಲವೆ ಊರಲ್ಲಿ ಯಾರಾದರೂ ತೀರಿಕೊಂಡ ದಿನ, ಗುಡಿಯ ಕಟ್ಟೆಯ ಮೇಲೋ ಮಠದ ಪಡಸಾಲೆಯಲ್ಲೋ ನಾಲ್ಕು ಜನ ಕೂಡುತ್ತಾರೆ. ಏಕತಾರಿ, ದಮ್ಮಡಿ, ತಾಳ. ಆಮೇಲಿನ ಕಾಲದಲ್ಲಿ ಹಾರ್ಮೋನಿಯಂ, ತಬಲಾ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಹಗಲು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತವನೂ ರಾಣೆಬೆನ್ನೂರಿನ ಕಡೆಯ ಹೊಲದಲ್ಲಿ ಹತ್ತಿ ಬಿಡಿಸಿದವನೂ ಅಲ್ಲಿ ಸರಿಸಮಾನರು. ಪದಕ್ಕೆ ಅರ್ಥ ಕೇಳುವವನಿದ್ದರೆ ಹಾಡು ನಿಂತು ಮಾತು ನಡೆಯುತ್ತದೆ. ಮಾತು ಮುಗಿದರೆ ಮತ್ತೆ ಹಾಡು. ಮೊಹರಂ ಬಂತೆಂದರೆ ಅಲಾವಿಯ ಸುತ್ತ ರಿವಾಯತ ಪದಗಳು. ಅವನ್ನು ಕನ್ನಡದಲ್ಲಿ ಕಟ್ಟಿಕೊಟ್ಟವರಲ್ಲಿ ಶರೀಫರೂ ಒಬ್ಬರು. ಹಾಡಿ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಉಂಟು.

ಈ ಸೀಮೆಯ ಎಲ್ಲ ಹಾಡೂ ವೈರಾಗ್ಯದ್ದೆಂದು ತಿಳಿಯಬೇಕಾಗಿಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಗೊರವರು ಡಮರು ನುಡಿಸಿ ಕುಣಿಯುತ್ತಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹರದೇಶಿ–ನಾಗೇಶಿ ಮೇಳಗಳು ಬೆಳಗಿನವರೆಗೆ ವಾದ ಹೂಡುತ್ತವೆ. ಸವಾಲಿಗೆ ನಿಂತ ನಿಲುವಿನಲ್ಲೇ ಜವಾಬು ಕಟ್ಟಬೇಕು, ಜನ ಸಾಕ್ಷಿ. ಇಂದು ಮಹಾನಗರಗಳ ಬೀದಿಯಲ್ಲಿ ರ್‍ಯಾಪ್ ಹಾಡುವ ಹುಡುಗರು ಮಾತಿಗೆ ಮಾತು ಕೂಡಿಸಿ ಕಾದಾಡುವುದನ್ನು ಕಂಡವರಿಗೆ ಈ ಮೇಳಗಳು ಅಪರಿಚಿತವೆನಿಸಲಾರವು.

‘ಭೂಗತ’ ಎಂಬ ಮಾತು ಅಕ್ಷರಶಃ ನಿಜವಾದ ಕಾಲವೂ ಒಂದಿತ್ತು. ಆಳುವವರಿಗೆ ಪದಗಾರನ ಬಲ ಮೊದಲೇ ಗೊತ್ತಿತ್ತು. 1857ರ ಹಲಗಲಿಯ ಬೇಡರ ದಂಗೆಯ ಲಾವಣಿಯನ್ನು 1880ರ ದಶಕದಲ್ಲಿ ಬರೆಸಿಕೊಂಡು ಅಚ್ಚು ಹಾಕಿಸಿದಾತ ಇಂಗ್ಲಿಷ್ ಅಧಿಕಾರಿ ಜೆ. ಎಫ್. ಫ್ಲೀಟ್. ಗಾಂಧೀಜಿಯ ಕಾಲಕ್ಕೆ ಗೀಗೀ ಮೇಳಗಳು ರಾಷ್ಟ್ರೀಯ ವಿಷಯವನ್ನು ಎತ್ತಿಕೊಂಡವು. ಹುಲಕುಂದದ ಭೀಮಕವಿಯಂಥವರು ಆ ಧಾಟಿಗೆ ಹೊಸ ಮಾತು ಕೊಟ್ಟರು. ಕರಪತ್ರವನ್ನು ಪೋಲೀಸರು ಕಸಿದುಕೊಳ್ಳಬಹುದು. ಓದಲು ಬಾರದವನ ಕಂಠದಲ್ಲಿರುವುದನ್ನು ಜಪ್ತಿ ಮಾಡುವ ಬಗೆ ಹೇಗೆ? ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ದಾಂಡಿಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದವನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣದ ಮೇಲೆ ನಡೆದ ದಾಳಿಯಲ್ಲಿ ಇಬ್ಬರು ಸಂಗಾತಿಗಳೊಡನೆ ಗುಂಡಿಗೆ ಬಲಿಯಾದ. ಆತನ ಕಥೆ ಜನರ ಬಾಯಲ್ಲಿ ಹಾಡಾಗಿ ಉಳಿಯಿತು. ಸ್ಮಾರಕದ ಕಲ್ಲನ್ನು ಓದಲು ಅಲ್ಲಿಗೆ ಹೋಗಬೇಕು. ಹಾಡು ತಾನೇ ಮನೆಗೆ ಬರುತ್ತದೆ.

ಇನ್ನು ಧ್ವನಿಮುದ್ರಣದ ಕಾಲ. 1980ರ ದಶಕದಲ್ಲಿ ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರೂ ಸಂಗೀತಗಾರ ಸಿ. ಅಶ್ವಥ್ ಅವರೂ ಶರೀಫರ ಪದಗಳನ್ನು ಕ್ಯಾಸೆಟ್ಟಿನ ಮೂಲಕ ನಾಡಿಗೆಲ್ಲ ಮುಟ್ಟಿಸಿದರು. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. 2008ರಲ್ಲಿ ರಘು ದೀಕ್ಷಿತ್ ತಮ್ಮ ‘ಅಂತರಾಗ್ನಿ’ಯಲ್ಲಿ ಗುಡಗುಡಿಯ ಪದವನ್ನೂ ಮಾಳಿಗೆಯ ಪದವನ್ನೂ ಗಿಟಾರಿನೊಡನೆ ಹಾಡಿ, ಕನ್ನಡ ಬಾರದವರ ಕಿವಿಗೂ ಹಾಕಿದರು. ಇವರೆಲ್ಲರ ಉಪಕಾರ ದೊಡ್ಡದು. ಬೆಂಗಳೂರಿನ ಹುಡುಗನಿಗೆ ಶರೀಫರ ಹೆಸರು ಗೊತ್ತಿರುವುದು ಇವರಿಂದ.

ಆದರೆ ಉಪಕಾರದ ಜೊತೆಗೆ ಒಂದು ನಷ್ಟವೂ ಬಂತು. ಅದನ್ನು ಹೇಳದಿದ್ದರೆ ಇತಿಹಾಸ ಅರ್ಧವಾದೀತು. ಕ್ಯಾಸೆಟ್ಟಿಗೆ ಬಂದ ಪದ ಗಟ್ಟಿಯಾಯಿತು, ಬಾರದ ಪದ ಬಡವಾಯಿತು. ಕೆಲವು ನೂರರಲ್ಲಿ ಹತ್ತೋ ಹದಿನೈದೋ ಪದಗಳೇ ಶರೀಫರು ಎಂದಾಯಿತು. ಒಂದೊಂದು ಊರಿನ ಮೇಳಕ್ಕೆ ಒಂದೊಂದು ಧಾಟಿ ಇದ್ದ ಕಡೆ ಕ್ಯಾಸೆಟ್ಟಿನ ಧಾಟಿಯೇ ‘ಸರಿಯಾದ’ ಧಾಟಿಯೆನಿಸಿ, ಅಜ್ಜ ಹಾಡುವುದನ್ನು ಮೊಮ್ಮಗನೇ ತಿದ್ದುವಂತಾಯಿತು. ಶರೀಫರನ್ನು ನೂರು ವರ್ಷ ಕಂಠದಲ್ಲಿಟ್ಟು ಸಾಕಿದ ಮೇಳದವರ ಹೆಸರು ಮಾತ್ರ ಯಾವ ಕ್ಯಾಸೆಟ್ಟಿನ ಮೇಲೂ ಬರಲಿಲ್ಲ. ಅವರು ಅದನ್ನು ಬೇಡಲೂ ಇಲ್ಲ. ಆದುದರಿಂದಲೇ ನಾವು ಕೊಡಲು ಮರೆತೆವು.

ಈಗ ಶಿಶುನಾಳಕ್ಕೆ ಹತ್ತಿರದಲ್ಲೇ, ಗೊಟಗೋಡಿಯಲ್ಲಿ, ಜಾನಪದಕ್ಕಾಗಿಯೇ ಒಂದು ವಿಶ್ವವಿದ್ಯಾಲಯವಿದೆ. ತರುಣರ ಜೇಬಿನಲ್ಲಿ ಧ್ವನಿ ಹಿಡಿಯುವ ಯಂತ್ರ ಹೇಗೂ ಇದ್ದೇ ಇದೆ. ಸಾಧನಕ್ಕೆ ಬಡತನವಿಲ್ಲ, ಬೇಕಾದದ್ದು ಒಂದು ರಾತ್ರಿಯ ನಿದ್ದೆ ಬಿಡುವ ತಾಳ್ಮೆ. ಹೊಸ ಕಲಾವಿದರನ್ನು ಕಂಡುಹಿಡಿಯುವ ಉತ್ಸಾಹವಿದ್ದವರು ಹಾವೇರಿಯ ಆಚೀಚೆ ಯಾವುದಾದರೂ ಹಳ್ಳಿಯ ಭಜನೆಗೆ ಹೋಗಿ ಕೂಡಲಿ. ಪರಿಚಯದ ಪದಗಳು ಮೊದಲ ಜಾವದಲ್ಲೇ ಮುಗಿದುಹೋಗುತ್ತವೆ, ಅವು ಅತಿಥಿಗಳಿಗಾಗಿ. ಮೇಳದವರು ತಮಗಾಗಿ ಹಾಡಿಕೊಳ್ಳುವುದು ಅನಂತರ. ಆಗ ನಾವು ಕೇಳದ ಪದವೊಂದು ಬಂದೀತು. ಅದನ್ನು ಹಿಡಿದುಕೊಳ್ಳುವಾಗ ಶರೀಫರ ಅಂಕಿತದ ಜೊತೆಗೆ ಎತ್ತಿಕೊಟ್ಟವನ ಹೆಸರನ್ನೂ ಕೇಳಿ ಬರೆದುಕೊಳ್ಳಬೇಕು.