ಕೆಲಸದಲ್ಲಿ ಮನಸ್ಸು ಏಕೆ ನಿಲ್ಲುವುದಿಲ್ಲ? ಉದ್ಯೋಗ ವಿನ್ಯಾಸದ ಸಿದ್ಧಾಂತಗಳು ಮತ್ತು ನಮ್ಮ ಕಾರ್ಖಾನೆಗಳು

ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ನಮ್ಮ ಸದಸ್ಯರ ಮನೆಗಳಲ್ಲಿ ಸಿಪ್ಕಾಟ್ ಕಾರ್ಖಾನೆಗಳಿಗೆ ಹೋಗುವವರು ಅನೇಕರಿದ್ದಾರೆ. ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಆರು ತಿಂಗಳಿಗೆ ಬಿಟ್ಟು ಬಂದರೆ, 'ಈಗಿನವರಿಗೆ ದುಡಿಯುವ ಮನಸ್ಸಿಲ್ಲ' ಎಂದುಬಿಡುತ್ತೇವೆ. ತಪ್ಪು ಹುಡುಗನದೋ, ಅವನಿಗೆ ಕೊಟ್ಟ ಕೆಲಸದ್ದೋ ಎಂದು ಕೇಳುವುದು ಕಡಿಮೆ.

1911ರಲ್ಲಿ ಅಮೆರಿಕದ ಎಂಜಿನಿಯರ್ ಟೇಲರ್ ಬರೆದ ಪುಸ್ತಕದ ಸಾರ ಹೀಗಿತ್ತು: ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆಯಬೇಕು, ಯೋಚನೆ ಮ್ಯಾನೇಜರದು, ದುಡಿಮೆ ಕಾರ್ಮಿಕನದು, ಹೆಚ್ಚು ಮಾಡಿದವನಿಗೆ ಹೆಚ್ಚು ಕೂಲಿ. ಇಡೀ ಶಿಫ್ಟ್ ಒಂದೇ ಬೋಲ್ಟ್ ಬಿಗಿಯುವ ಕೆಲಸದ ಹಿಂದೆ ಇಂದಿಗೂ ಈ ಲೆಕ್ಕವೇ ಇದೆ.

1959ರಲ್ಲಿ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು 200 ಎಂಜಿನಿಯರ್‌ಗಳನ್ನೂ ಲೆಕ್ಕಪತ್ರದವರನ್ನೂ ಮಾತನಾಡಿಸಿ ಬೇರೆ ಮಾತು ಹೇಳಿದರು. ಸಂಬಳ, ಕ್ಯಾಂಟೀನು, ಮೇಲ್ವಿಚಾರಣೆ ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ. ಸರಿಯಿದ್ದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ಹುರುಪು ಬರುವುದು ಕೆಲಸದೊಳಗಿನ ಜವಾಬ್ದಾರಿ, ಸಾಧನೆ, ಮನ್ನಣೆಯಿಂದ. ಸಂಬಳವನ್ನು ಇಷ್ಟು ಸಲೀಸಾಗಿ ಪಕ್ಕಕ್ಕಿಡುವುದು ಅಮೆರಿಕದ ಎಂಜಿನಿಯರ್‌ಗೆ ಸುಲಭ, ಬಾಡಿಗೆ ಕೋಣೆಯಲ್ಲಿರುವ ನಮ್ಮ ಹುಡುಗರಿಗಲ್ಲ ಎಂಬುದು ನಮ್ಮ ಅನಿಸಿಕೆ.

ಹೆಚ್ಚು ಉಪಯೋಗಕ್ಕೆ ಬರುವುದು 1970ರ ದಶಕದ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಮಾದರಿ. ಅವರು ಕೆಲಸದಲ್ಲಿ ಐದು ಗುಣ ಹುಡುಕಿದರು: ಹಲವು ಕೌಶಲ ಬೇಕಾಗುವುದು, ಒಂದು ವಸ್ತುವನ್ನು ಮೊದಲಿಂದ ಕೊನೆಯವರೆಗೆ ಮಾಡುವುದು, ಅದರಿಂದ ಇತರರಿಗೆ ಪ್ರಯೋಜನವಾಗುವುದು, ಸ್ವಂತ ತೀರ್ಮಾನಕ್ಕೆ ಅವಕಾಶ, ಮಾಡಿದ್ದು ಸರಿಯೋ ತಪ್ಪೋ ತಿಳಿಯುವುದು. ಅವರ ಸೂತ್ರದಲ್ಲಿ ಮೊದಲ ಮೂರರ ಸರಾಸರಿಯನ್ನು ಕೊನೆಯ ಎರಡರಿಂದ ಗುಣಿಸಬೇಕು. ಗುಣಾಕಾರವಾದ್ದರಿಂದ ಕೊನೆಯ ಎರಡರಲ್ಲಿ ಒಂದು ಕುಸಿದರೂ ಒಟ್ಟು ಲೆಕ್ಕ ಕುಸಿಯುತ್ತದೆ.

ಗಡಿಭಾಗದವರಾದ ನಾವು ಈ ಕೊನೆಯ ಗುಣದ ಬಳಿ ಸ್ವಲ್ಪ ನಿಲ್ಲಬೇಕು. ಹೊಸೂರಿನ ಒಂದೇ ಲೈನ್‌ನಲ್ಲಿ ತಮಿಳು, ತೆಲುಗು, ಕನ್ನಡ, ಹಿಂದಿ ಮನೆಮಾತಿನವರು ಅಕ್ಕಪಕ್ಕ ನಿಲ್ಲಬಹುದು. ಕೆಲಸದ ಸೂಚನೆ, ರಿಜೆಕ್ಷನ್ ಕಾರಣ ಬರೆದ ಬೋರ್ಡು ಓದಲಾಗದ ಲಿಪಿಯಲ್ಲಿದ್ದರೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ತಿಳಿಯುವುದು ಸೂಪರ್‌ವೈಸರ್ ಬೈದಾಗ ಮಾತ್ರ. ತಿದ್ದಿಕೊಳ್ಳಲು ಬೇಕಾದ ಮಾಹಿತಿ ಅವಳಿಗೆ ಬೈಗುಳವಾಗಿ ತಲುಪುತ್ತದೆ. ಇದು ಭಾಷಾಭಿಮಾನದ ಪ್ರಶ್ನೆ ಮಾತ್ರವಲ್ಲ, ಉದ್ಯೋಗ ವಿನ್ಯಾಸದ ದೋಷ. ಹಿಂದಿಯವರಿಗೂ ಇದೇ ಮಾತು ಸಲ್ಲುತ್ತದೆ.

ನಮ್ಮ ದೇಶದ ಹಳೆಯ ಪ್ರಯೋಗವೊಂದು ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನಲ್ಲಿ ನಡೆಯಿತು. ಅಲ್ಲಿನ ಸ್ವಯಂಚಾಲಿತ ಮಗ್ಗದ ಶೆಡ್ಡಿನಲ್ಲಿ 224 ಮಗ್ಗಗಳಿಗೆ 29 ಕಾರ್ಮಿಕರು, 12 ಬಗೆಯ ಬಿಡಿಬಿಡಿ ಕೆಲಸ. ದಾರ ಕಡಿದರೆ ಒಬ್ಬ, ಎಣ್ಣೆಗೆ ಇನ್ನೊಬ್ಬ, ಬಟ್ಟೆ ಕೆಟ್ಟರೆ ಹೊಣೆ ಯಾರದೂ ಅಲ್ಲ. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಸಲಹೆಯಂತೆ ಅವರನ್ನು ಚಿಕ್ಕ ಗುಂಪುಗಳಾಗಿಸಿ, ಒಂದಷ್ಟು ಮಗ್ಗಗಳನ್ನು ಪೂರ್ತಿ ಆ ಗುಂಪಿಗೇ ಒಪ್ಪಿಸಲಾಯಿತು. ಮೊದಲ ತಡವರಿಕೆ ಕಳೆದ ಮೇಲೆ ಉತ್ಪಾದನೆ ಏರಿತು, ಕೆಟ್ಟ ಬಟ್ಟೆ ಇಳಿಯಿತು. ಯಂತ್ರ ಬದಲಾಗಿರಲಿಲ್ಲ.

ಹೊಸೂರಿನ ಟಿವಿಎಸ್ ಮೋಟಾರ್ 2002ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆದಾಗ ಅದರ ಗುಣಮಟ್ಟ ಪದ್ಧತಿಯ ಆಧಾರಗಳಲ್ಲಿ ಎಲ್ಲ ನೌಕರರ ಪಾಲ್ಗೊಳ್ಳುವಿಕೆಯೂ ಒಂದಾಗಿತ್ತು.

ಒಂದು ಎಚ್ಚರಿಕೆಯನ್ನು ಹ್ಯಾಕ್‌ಮನ್, ಓಲ್ಡ್‌ಹ್ಯಾಮ್ ಅವರೇ ಕೊಟ್ಟಿದ್ದಾರೆ: ಸಂಬಳ, ಭದ್ರತೆಯ ಚಿಂತೆ ಇರುವವನಿಗೆ ಕೆಲಸವನ್ನು ಸಮೃದ್ಧಗೊಳಿಸಿದರೆ ಫಲ ಕಡಿಮೆ. ಗುತ್ತಿಗೆ ಮುಗಿಯುವ ದಿನ ಎಣಿಸುವವನಿಗೆ ಹೊಸ ಜವಾಬ್ದಾರಿ ಹೊರೆಯಾಗಿ ಕಾಣುವುದೇ ಹೆಚ್ಚು.

ಮಕ್ಕಳನ್ನು ಸಂದರ್ಶನಕ್ಕೆ ಕಳಿಸುವಾಗ ಸಂಬಳ, ಬಸ್ಸು, ಊಟ ವಿಚಾರಿಸಿದ ಮೇಲೆ ಇವನ್ನೂ ವಿಚಾರಿಸಲು ಹೇಳಿ: ಎಷ್ಟು ತಿಂಗಳಿಗೊಮ್ಮೆ ಕೆಲಸ ಬದಲಿಸುತ್ತಾರೆ? ದೋಷ ಕಂಡರೆ ಲೈನ್ ನಿಲ್ಲಿಸುವ ಅಧಿಕಾರ ಕಾರ್ಮಿಕನಿಗಿದೆಯೇ? ಕೆಲಸದ ಸೂಚನೆ ಯಾವ ಭಾಷೆಯಲ್ಲಿದೆ? ಗುತ್ತಿಗೆಯವರು ಕಾಯಂ ಆಗುವ ದಾರಿ ಯಾವುದು?