ಗುಲಾಮಗಿರಿ ಮತ್ತು ಸಹೋದರ ಸಂಘಗಳು: ಒಂದು ಪದದ ಕಥೆ



ಒಂದು ಸಂಘದ ನಿಜವಾದ ಗುಣವನ್ನು ತಿಳಿಯಬೇಕಾದರೆ ಅದರ ನಿಯಮಾವಳಿಯಲ್ಲಿ ಒಂದೇ ಒಂದು ಸಾಲು ಓದಿದರೆ ಸಾಕು: ಯಾರು ಸದಸ್ಯರಾಗಬಹುದು? ಇದಕ್ಕೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಒಳ್ಳೆಯ ಉದಾಹರಣೆ ಸಿಗುತ್ತದೆ.

ಆಗ ಅಲ್ಲಿ ಫ್ರೀಮೇಸನ್, ಆಡ್ ಫೆಲೋಸ್ ಮುಂತಾದ ಸಹೋದರ ಸಂಘಗಳು ಬಹಳ ಪ್ರಭಾವಶಾಲಿಯಾಗಿದ್ದವು. ಅವುಗಳ ಶಾಖೆಗೆ ಲಾಡ್ಜ್ ಎಂದು ಹೆಸರು. ಸದಸ್ಯರು ಒಬ್ಬರನ್ನೊಬ್ಬರು 'ಸಹೋದರ' ಎಂದೇ ಕರೆಯುತ್ತಿದ್ದರು. ಕಾಯಿಲೆ ಬಿದ್ದವರಿಗೆ, ವಿಧವೆಯರಿಗೆ, ಅನಾಥ ಮಕ್ಕಳಿಗೆ ನೆರವಾಗುತ್ತಿದ್ದರು. ಆದರೆ 1723ರ ಮೇಸನ್ ನಿಯಮಾವಳಿಯ ಪ್ರಕಾರ ಸದಸ್ಯನು 'ಸ್ವತಂತ್ರನಾಗಿ ಹುಟ್ಟಿದವನು' ಆಗಿರಬೇಕಿತ್ತು. ಅಂದರೆ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದವನು ಬಿಡುಗಡೆ ಹೊಂದಿದ ಮೇಲೂ ಸಹೋದರನಾಗುವಂತಿರಲಿಲ್ಲ!

1834ರಲ್ಲಿ ಗುಲಾಮಗಿರಿ ರದ್ದತಿ ಕಾಯಿದೆ ವೆಸ್ಟ್ ಇಂಡೀಸ್‌ನಲ್ಲಿ ಜಾರಿಗೆ ಬಂದಿತು. ಬಿಡುಗಡೆ ಹೊಂದಿದವರ ಪ್ರಶ್ನೆ ಲಾಡ್ಜಿನ ಬಾಗಿಲಿಗೂ ಬಂದಿತು. 1847ರಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಆ ಪದವನ್ನು ತೆಗೆದು 'ಸ್ವತಂತ್ರ ಮನುಷ್ಯ' ಎಂದು ಬದಲಾಯಿಸಿತು. ಆದರೆ ಅಮೆರಿಕದ ದಕ್ಷಿಣ ಕೆರೊಲಿನಾದ ಮೇಸನ್ ವಿದ್ವಾಂಸ ಆಲ್ಬರ್ಟ್ ಮ್ಯಾಕಿ 1858ರಲ್ಲಿ, ಎಂದಿಗೂ ಬದಲಿಸಬಾರದ 25 ನಿಯಮಗಳನ್ನು ಪಟ್ಟಿ ಮಾಡಿದಾಗ ಹಳೆಯ ಷರತ್ತನ್ನೂ ಅದರಲ್ಲಿ ಸೇರಿಸಿದನು.

ಹೊರಗುಳಿದ ಕಪ್ಪು ಜನರು ಕೈಕಟ್ಟಿ ಕೂರಲಿಲ್ಲ. ಬೋಸ್ಟನ್ ನಗರದ ಪ್ರಿನ್ಸ್ ಹಾಲ್ 1777ರಲ್ಲೇ ಗುಲಾಮಗಿರಿಯ ವಿರುದ್ಧ ಶಾಸನ ಸಭೆಗೆ ಸಲ್ಲಿಸಿದ ಮನವಿಗೆ ಸಹಿ ಹಾಕಿದ್ದರು. ಅವರ ಆಫ್ರಿಕನ್ ಲಾಡ್ಜ್‌ಗೆ 1784ರಲ್ಲಿ ಇಂಗ್ಲೆಂಡಿನಿಂದ ಮಾನ್ಯತೆ ದೊರೆಯಿತು. ನ್ಯೂಯಾರ್ಕಿನ ಕಪ್ಪು ಜನರ ಸಾಹಿತ್ಯ ಸಂಘವೊಂದನ್ನು ಅಮೆರಿಕದ ಆಡ್ ಫೆಲೋಸ್ ಸೇರಿಸಿಕೊಳ್ಳದಿದ್ದಾಗ, ಪೀಟರ್ ಆಗ್ಡನ್ ಎಂಬ ನಾವಿಕ 1843ರಲ್ಲಿ ಇಂಗ್ಲೆಂಡಿನಿಂದಲೇ ಅದಕ್ಕೆ ಮಾನ್ಯತೆ ತಂದುಕೊಟ್ಟನು.

ವಿದ್ಯಾರ್ಥಿಗಳೇ, ಇವರಲ್ಲಿ ನೀವು ಮುಖ್ಯವಾಗಿ ನೆನಪಿಡಬೇಕಾದವರು ಲೂಯಿಸ್ ಹೇಡನ್. ಕೆಂಟಕಿಯಲ್ಲಿ ಗುಲಾಮರಾಗಿ ಹುಟ್ಟಿದ ಅವರು 1844ರಲ್ಲಿ ಪತ್ನಿ ಹ್ಯಾರಿಯೆಟ್ ಜೊತೆ ತಪ್ಪಿಸಿಕೊಂಡು, ಮುಂದೆ ಬೋಸ್ಟನ್‌ನಲ್ಲಿ ನೆಲೆಸಿದರು. ಅಲ್ಲಿ ಬಟ್ಟೆ ಅಂಗಡಿ ನಡೆಸಿದರು. ಓಡಿಬಂದ ಗುಲಾಮರಿಗೆ ಅವರ ಮನೆಯೇ ಆಸರೆ. 1850ರಲ್ಲಿ ಕ್ರಾಫ್ಟ್ ದಂಪತಿಗಳನ್ನು ಹಿಡಿಯಲು ಬೇಟೆಗಾರರು ಬಂದಾಗ, ಒಪ್ಪಿಸುವ ಬದಲು ಮದ್ದಿನಿಂದ ಮನೆಯನ್ನೇ ಸಿಡಿಸಿಬಿಡುವುದಾಗಿ ಹೆದರಿಸಿದರು. 'ಸ್ವತಂತ್ರನಾಗಿ ಹುಟ್ಟದ' ಈ ಮನುಷ್ಯನೇ ಪ್ರಿನ್ಸ್ ಹಾಲ್ ಮೇಸನ್ನರ ಗ್ರ್ಯಾಂಡ್ ಮಾಸ್ಟರ್ ಆದರು. ಬಿಳಿಯ ಮೇಸನ್ನರ ಭೇದಭಾವವನ್ನು ಖಂಡಿಸಿ 1865ರಲ್ಲಿ ಮಾಡಿದ ಭಾಷಣಕ್ಕೆ ಅವರು ಕೊಟ್ಟ ಹೆಸರು 'ಮೇಸನ್ನರಲ್ಲಿ ಜಾತಿ'. ನಮಗೆ ಚೆನ್ನಾಗಿ ಪರಿಚಯವಿರುವ ಪದವಲ್ಲವೇ?

1873ರಲ್ಲಿ ಹೇಡನ್ ಮ್ಯಾಸಚೂಸೆಟ್ಸ್ ಶಾಸನ ಸಭೆಗೆ ಆಯ್ಕೆಯಾದರು, 1889ರಲ್ಲಿ ನಿಧನರಾದರು. ಬಳಿಕ ಹ್ಯಾರಿಯೆಟ್ ತಮ್ಮ ಆಸ್ತಿಯನ್ನು ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಕಪ್ಪು ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆಂದು ಉಯಿಲು ಬರೆದಿಟ್ಟರು. ಓದಲು ಅವಕಾಶವಿಲ್ಲದೆ ಬೆಳೆದವರು ಓದುವವರಿಗೆ ಬಿಟ್ಟುಹೋದ ಆಸ್ತಿ ಇದು.

ಗುಲಾಮರಾಗಿದ್ದ ಹಜ್ರತ್ ಬಿಲಾಲ್ (ರ.ಅ.) ಅವರಿಗೆ ಅಜಾನ್ ಕೊಡುವ ಗೌರವ ಸಂದ ಪರಂಪರೆ ನಮ್ಮದು. ಆದರೂ ಮುಸ್ಲಿಮರ ನಾಡುಗಳಲ್ಲಿಯೂ ಗುಲಾಮಗಿರಿ ಬಹುಕಾಲ ಉಳಿದಿತ್ತು ಎಂಬುದನ್ನು ನಾವು ಮರೆಯಬಾರದು. ಉಖುವ್ವತ್ ಎಂದು ಬಾಯಲ್ಲಿ ಹೇಳುವುದು ಸುಲಭ. ನಮ್ಮ ಬಾಗಿಲ ಹೊರಗೆ ನಿಂತಿರುವ ಮಗು ಯಾರದು ಎಂದು ಪ್ರತಿ ವರ್ಷ ಕೇಳಿಕೊಳ್ಳುವ ಸಂಘವೇ ನಿಜವಾದ ಸಹೋದರರ ಸಂಘ.